ಜನಸಂದಣಿಯೂ ಜನಾಂದೋಲನವೂ
(ಸಮಾಜಶಾಸ್ತ್ರದ ಒಂದು ಪಾಠ, ಕೊಡಗಿನ ನಿದರ್ಶನಗಳೊಡನೆ)

ವಿಷಯಪ್ರವೇಶ

ಮನುಷ್ಯನು ಒಂಟಿಯಾಗಿರುವಾಗ ಒಂದು ವಿಧವಾಗಿಯೂ, ಹತ್ತು ಮಂದಿಯ ನಡುವೆ ನಿಂತಾಗ ಇನ್ನೊಂದು ವಿಧವಾಗಿಯೂ ನಡೆದುಕೊಳ್ಳುವನೆಂಬುದು ಸರ್ವರಿಗೂ ಅನುಭವಸಿದ್ಧವಾದ ಸಂಗತಿ. ಮನೆಯಲ್ಲಿ ಮೆಲ್ಲಗೆ ಮಾತನಾಡುವ ಹುಡುಗಿಯೇ ಆಟದ ಬಯಲಿನಲ್ಲಿ ಗಂಟಲು ಬಿಚ್ಚಿ ಕೂಗುವಳು. ಬೀದಿಯಲ್ಲಿ ಒಬ್ಬನು ತಲೆಯೆತ್ತಿ ಆಕಾಶವನ್ನು ನೋಡಿದರೆ ಅವನ ಹಿಂದೆ ನಾಲ್ವರು ತಲೆಯೆತ್ತುವರು. ಇಂತಹ ನಡೆಗೆ ಸಮಾಜಶಾಸ್ತ್ರಜ್ಞರು ‘ಸಾಮೂಹಿಕ ವರ್ತನೆ’ ಎಂದು ಹೆಸರಿಟ್ಟಿದ್ದಾರೆ. ನಮ್ಮ ರಾಜ್ಯದ ಹತ್ತನೆಯ ತರಗತಿಯ ಸಮಾಜವಿಜ್ಞಾನದಲ್ಲಿ ಈ ವಿಷಯವು ಒಂದು ಪಾಠವಾಗಿ ಬಂದಿದೆ.

ಪರೀಕ್ಷೆಗೆಂದು ನಾಲ್ಕು ವ್ಯಾಖ್ಯೆಗಳನ್ನು ಕಂಠಪಾಠ ಮಾಡಿ ಮರುದಿನ ಮರೆತುಬಿಡಬಹುದಾದ ಪಾಠವಿದೆಂದು ಕೆಲವರು ಎಣಿಸುವುದುಂಟು. ಆದರೆ ಗಾಳಿಬೀಡಿನಂತಹ ಬೆಟ್ಟದ ಊರಿನಲ್ಲಿ ಮಕ್ಕಳನ್ನು ಬೆಳೆಸುವವರಿಗೆ ಇದಕ್ಕಿಂತ ಪ್ರಯೋಜನಕರವಾದ ಪಾಠಗಳು ವಿರಳ. ಏಕೆಂದರೆ ನಮ್ಮ ಹೆಣ್ಣುಮಕ್ಕಳು ಶಾಲೆಯ ಗೇಟು ದಾಟಿದ ಬಳಿಕ ಒಂದಲ್ಲ ಒಂದು ದಿನ ಯಾವುದಾದರೊಂದು ಗುಂಪಿನ ಎದುರಿನಲ್ಲಾಗಲಿ ಗುಂಪಿನ ಒಳಗಾಗಲಿ ನಿಂತೇ ನಿಲ್ಲುವರು. ಆಗ ಕೂಡಿಕೊಳ್ಳಬೇಕೋ, ದೂರ ನಿಲ್ಲಬೇಕೋ ಎಂಬುದನ್ನು ಅವರೇ ನಿರ್ಧರಿಸಬೇಕಾಗುವುದು. ಗುಂಪೆಂಬ ಕಾರಣದಿಂದಲೇ ಅದನ್ನು ಹಳಿಯುವುದೂ ತಪ್ಪು. ಗುಂಪೆಂಬ ಕಾರಣದಿಂದಲೇ ಅದನ್ನು ಹಿಂಬಾಲಿಸುವುದೂ ತಪ್ಪು. ಈ ಲೇಖನದ ಸಾರಾಂಶವಿಷ್ಟೆ. ಇದನ್ನು ನಮ್ಮ ಸೀಮೆಯ ನಿದರ್ಶನಗಳಿಂದಲೇ ವಿವರಿಸಲು ಇಲ್ಲಿ ಪ್ರಯತ್ನಿಸಿದೆ.

ಸಂದಣಿಯ ಬಗೆಗಳು

ಜನರು ಕೂಡಿದ ಮಾತ್ರಕ್ಕೆ ಎಲ್ಲ ಕೂಟಗಳೂ ಒಂದೇ ಎಂದು ಭಾವಿಸಲಾಗದು. ಅಮೆರಿಕದ ಹರ್ಬರ್ಟ್ ಬ್ಲೂಮರ್ ಎಂಬ ವಿದ್ವಾಂಸನು 1939ರಲ್ಲಿ ಸಂದಣಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದನು. ಮಡಿಕೇರಿಯ ಶುಕ್ರವಾರದ ಸಂತೆಗೆ ಹೋದವರು ದಾರಿಯಲ್ಲಿ ಕೆಟ್ಟು ನಿಂತ ಬಸ್ಸಿನ ಸುತ್ತ ಒಂದು ಗಳಿಗೆ ನೆರೆಯುವರಷ್ಟೆ. ಇದು ಆಕಸ್ಮಿಕ ಸಂದಣಿ. ಕೊಡವ ಕುಟುಂಬಗಳ ಹಾಕಿ ಪಂದ್ಯವನ್ನು ನೋಡಲು ಸಾಲುಸಾಲಾಗಿ ಕುಳಿತವರದು ನಿಯಮಬದ್ಧವಾದ ಸಂದಣಿ. ಯಾವಾಗ ಚಪ್ಪಾಳೆ ತಟ್ಟಬೇಕು, ಯಾವಾಗ ಎದ್ದು ಹೋಗಬೇಕು ಎಂಬುದು ಅಲ್ಲಿ ಮೊದಲೇ ಎಲ್ಲರಿಗೂ ಗೊತ್ತು. ಮಡಿಕೇರಿ ದಸರೆಯ ರಾತ್ರಿ ದಶಮಂಟಪಗಳ ಹಿಂದೆ ಕುಣಿಯುತ್ತ ಸಾಗುವವರದು ಭಾವವನ್ನು ಹೊರಚೆಲ್ಲುವ ಸಂದಣಿ. ಉತ್ಸಾಹವನ್ನು ತೀರಿಸಿಕೊಳ್ಳುವುದಲ್ಲದೆ ಅದಕ್ಕೆ ಬೇರೆ ಗುರಿಯಿಲ್ಲ. ನಾಲ್ಕನೆಯದು ಕ್ರಿಯೆಗೆ ಇಳಿಯುವ ಸಂದಣಿ. ಅದಕ್ಕೆ ಎದುರಾಳಿಯೊಬ್ಬನಿರುವನು, ಮಾಡಿಬಿಡಬೇಕೆಂಬ ಕಾರ್ಯವೊಂದಿರುವುದು. ಅದು ಹತೋಟಿ ಮೀರಿದರೆ ದೊಂಬಿಯೆನಿಸುವುದು.

ಫ್ರಾನ್ಸಿನ ಗುಸ್ತಾವ್ ಲೆ ಬಾನ್ ಎಂಬವನು 1895ರಲ್ಲಿ ಜನಸಂದಣಿಯ ಮನಸ್ಸನ್ನು ಕುರಿತು ಬರೆದ ಗ್ರಂಥವು ಬಹುಕಾಲ ಪ್ರಸಿದ್ಧವಾಗಿತ್ತು. ಗುಂಪಿನಲ್ಲಿ ಸೇರಿದವನು ತನ್ನ ವಿವೇಕವನ್ನು ಕಳೆದುಕೊಂಡು, ಒಬ್ಬರಿಂದೊಬ್ಬರಿಗೆ ಅಂಟುವ ಭಾವಾವೇಶಕ್ಕೆ ಒಳಗಾಗುವನೆಂಬುದು ಅವನ ವಾದ. ಇದರಲ್ಲಿ ಸತ್ಯದ ಅಂಶವಿಲ್ಲದಿಲ್ಲ. ಆದರೆ ಇದನ್ನೇ ಪೂರ್ಣಸತ್ಯವೆಂದು ಹಿಡಿದರೆ, ನೊಂದ ಜನರು ಎಲ್ಲಿ ಕೂಡಿ ದನಿಯೆತ್ತಿದರೂ ‘ಹುಚ್ಚುಗುಂಪು’ ಎಂದು ತಳ್ಳಿಹಾಕುವುದು ಸುಲಭವಾಗುವುದು. ಅಂತಹ ತಳ್ಳಿಹಾಕುವಿಕೆಯು ನಮ್ಮ ಸೀಮೆಯ ಚರಿತ್ರೆಯಲ್ಲೇ ನಡೆದಿದೆ.

1837ರ ದಂಗೆ

1834ರಲ್ಲಿ ಕುಂಪಣಿ ಸರಕಾರವು ಕೊಡಗನ್ನು ಗೆದ್ದು, ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕಾಶಿಗೆ ಕಳುಹಿಸಿದ ವೃತ್ತಾಂತವು ವಾಚಕರಿಗೆ ತಿಳಿದದ್ದೇ. ಅದುವರೆಗೆ ಘಟ್ಟದ ಕೆಳಗಿನ ಅಮರ, ಸುಳ್ಯ ಮಾಗಣೆಗಳು ಕೊಡಗಿನ ಅರಸರ ಅಧೀನದಲ್ಲಿದ್ದವು. ಕುಂಪಣಿಯು ಅವನ್ನು ಬೇರ್ಪಡಿಸಿ ಕನ್ನಡ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ರೈತನು ತಾನು ಬೆಳೆದುದರಲ್ಲಿ ಒಂದು ಭಾಗವನ್ನೇ ಕಂದಾಯವಾಗಿ ಅಳೆದುಕೊಡುತ್ತಿದ್ದನು. ಹೊಸ ಆಡಳಿತದಲ್ಲಿ ಅದನ್ನು ನಗದು ಹಣವಾಗಿ ಸಲ್ಲಿಸಬೇಕಾಯಿತು.

ಮೇಲ್ನೋಟಕ್ಕೆ ಇದು ಲೆಕ್ಕಪತ್ರದ ಸಣ್ಣ ಬದಲಾವಣೆ. ಆದರೆ ಒಕ್ಕಲ ಮನೆಯ ಅಂಗಳದಲ್ಲಿ ನಿಂತು ನೋಡಿದರೆ ಇದರ ಭಾರ ತಿಳಿದೀತು. ಕೊಯ್ಲು ಮುಗಿದೊಡನೆ ಎಲ್ಲರೂ ಒಟ್ಟಿಗೆ ಧಾನ್ಯವನ್ನು ಮಾರಹೊರಟರೆ ಬೆಲೆ ಇಳಿಯುವುದು. ಕಂತಿನ ದಿನ ಮಾತ್ರ ಕಾಯದು. ಸಾಲಗಾರನ ಬಾಗಿಲಿಗೆ ಹೋಗದೆ ಗತ್ಯಂತರವಿರದು. ಮಳೆ ಕಡಿಮೆಯಾದ ವರ್ಷ ಅರಸನ ಪಾಲೂ ಬೆಳೆಯೊಡನೆ ಕಡಿಮೆಯಾಗುತ್ತಿದ್ದರೆ, ನಗದು ಕಂದಾಯವು ಮಳೆಯನ್ನು ಕೇಳುವಂತಹದಲ್ಲ.

ಈ ಸಂಕಟದ ನಡುವೆ ಹಾಲೇರಿ ಅರಸುಮನೆತನದವನೆಂದು ಜನರು ನಂಬಿದ ಕಲ್ಯಾಣಸ್ವಾಮಿಯೆಂಬ ಹೆಸರು ಹಬ್ಬಿತು. ಆ ಹೆಸರಿನಲ್ಲಿ 1837ರ ಮಾರ್ಚ್ ಕೊನೆಯಲ್ಲಿ ಸುಳ್ಯದ ಕಡೆಯಲ್ಲಿ ಜನರು ಕೂಡಿದರು. ಕೆದಂಬಾಡಿ ರಾಮಯ್ಯ ಗೌಡನೇ ಮೊದಲಾದವರು ಮುಂದಾಳುಗಳಾದರು. ಬೆಳ್ಳಾರೆಯ ಖಜಾನೆಯು ವಶವಾಯಿತು. ಪುತ್ತೂರಿಗೆ ಸೈನ್ಯದೊಡನೆ ಬಂದಿದ್ದ ಇಂಗ್ಲಿಷ್ ಕಲೆಕ್ಟರನು ಮಂಗಳೂರಿಗೆ ಹಿಂದಿರುಗಬೇಕಾಯಿತು. ಏಪ್ರಿಲ್ 5ರಂದು ದಂಗೆಕಾರರು ಮಂಗಳೂರನ್ನೇ ಪ್ರವೇಶಿಸಿದರು. ಹದಿಮೂರು ದಿನ ಆ ಪಟ್ಟಣವು ಅವರ ಕೈಯಲ್ಲಿತ್ತೆಂದು ಹೇಳುವುದು ವಾಡಿಕೆ. ತರುವಾಯ ಹೊರಗಿನಿಂದ ಸೈನ್ಯವು ಬಂದು ದಂಗೆಯನ್ನು ಅಡಗಿಸಿತು. ಕಲ್ಯಾಣಸ್ವಾಮಿಯ ಹೆಸರಿನಿಂದ ನಡೆದ ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿಯೂ, ಗುಡ್ಡೆಮನೆ ಅಪ್ಪಯ್ಯ ಗೌಡನನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿಯೂ ಗಲ್ಲಿಗೇರಿಸಿದರು.

ಈ ಘಟನೆಗೆ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಹೆಸರು ಉಳಿದುಕೊಂಡಿತು. ಕಾಟಕಾಯಿಯೆಂದರೆ ಲೂಟಿ, ದರೋಡೆ. ಆಳುವವರ ಕಣ್ಣಿಗೆ ಅದು ಲೂಟಿಯ ಗುಂಪು. ಇತ್ತೀಚಿನ ಸಂಶೋಧಕರು ಅದೇ ಘಟನೆಯನ್ನು ರೈತರ ಸಶಸ್ತ್ರ ಹೋರಾಟವೆಂದು ಕರೆದಿದ್ದಾರೆ. ಅಪ್ಪಯ್ಯ ಗೌಡನ ಪ್ರತಿಮೆಯು ಮಡಿಕೇರಿಯಲ್ಲಿದೆ. ರಾಮಯ್ಯ ಗೌಡನ ಪ್ರತಿಮೆಯು 2022ರಲ್ಲಿ ಮಂಗಳೂರಿನ ಬಾವುಟಗುಡ್ಡದಲ್ಲಿ ಸ್ಥಾಪಿತವಾಯಿತು. ಒಂದೇ ಗುಂಪಿಗೆ ಎರಡು ಹೆಸರು! ಹೆಸರಿಡುವವರು ಯಾರು, ಅವರು ಎಲ್ಲಿ ನಿಂತು ನೋಡುತ್ತಿದ್ದಾರೆ ಎಂಬುದನ್ನು ವಿಚಾರಿಸದೆ ಯಾವ ಗುಂಪಿನ ವಿಷಯದಲ್ಲಿಯೂ ತೀರ್ಪು ಕೊಡಲಾಗದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ದೃಷ್ಟಾಂತ ಬೇಕಿಲ್ಲ.

ಗುಂಪು ಕೂಡಲು ಆರು ಕಾರಣಗಳು

ಅಮೆರಿಕದ ನೀಲ್ ಸ್ಮೆಲ್ಸರ್ ಎಂಬ ಸಮಾಜಶಾಸ್ತ್ರಜ್ಞನು 1962ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸಾಮೂಹಿಕ ವರ್ತನೆಯು ಬರಿಯ ಹುಚ್ಚಿನಿಂದ ಹುಟ್ಟದು, ಆರು ಸಂಗತಿಗಳು ಒಂದರ ಮೇಲೊಂದು ಕೂಡಿದಾಗ ಹುಟ್ಟುವುದು ಎಂದು ಪ್ರತಿಪಾದಿಸಿದನು. ಅವನ್ನು 1837ಕ್ಕೆ ಹೊಂದಿಸಿ ನೋಡೋಣ.

ಮೊದಲನೆಯದು ಅನುಕೂಲವಾದ ಸನ್ನಿವೇಶ: ಹಳೆಯ ಆಳ್ವಿಕೆ ಹೋಗಿ ಹೊಸದು ಇನ್ನೂ ಬೇರೂರಿರಲಿಲ್ಲ. ಎರಡನೆಯದು ಸಂಕಟ: ನಗದು ಕಂದಾಯದ ಹೊರೆ. ಮೂರನೆಯದು ಎಲ್ಲರೂ ಒಪ್ಪಿದ ನಂಬಿಕೆ: ಅರಸುಮನೆತನದ ಕುಡಿಯೊಂದು ಉಳಿದಿದೆ, ಅದು ಪಟ್ಟಕ್ಕೆ ಬಂದರೆ ಕಷ್ಟವು ನೀಗುವುದು. ನಾಲ್ಕನೆಯದು ಕಿಡಿಯಂತೆ ಬೀಳುವ ತಕ್ಷಣದ ಕಾರಣ: ‘ಸ್ವಾಮಿ’ಯು ಬಂದಿರುವನೆಂಬ ಸುದ್ದಿ. ಐದನೆಯದು ಜನರನ್ನು ಕೂಡಿಸುವ ಏರ್ಪಾಡು: ಊರೂರಿಗೆ ಹೋದ ನಿರೂಪಗಳು, ಮನೆತನಗಳ ಮುಖಂಡರು, ನೆಂಟರಿಷ್ಟರ ಬಳಗ. ಆರನೆಯದು ಅಧಿಕಾರಿಗಳ ಹತೋಟಿ: ಅದು ಸಡಿಲವಾಗಿದ್ದಾಗ ದಂಗೆಯು ಬೆಳೆಯಿತು, ಬಿಗಿಯಾದಾಗ ಮುರಿಯಿತು.

ಈ ಆರರಲ್ಲಿ ಎರಡನೆಯದನ್ನೂ ಮೂರನೆಯದನ್ನೂ ವಿದ್ಯಾರ್ಥಿನಿಯರು ಚೆನ್ನಾಗಿ ಗಮನಿಸತಕ್ಕದ್ದು. ಸಂಕಟವು ನಿಜವಾಗಿದ್ದರೂ ಅದಕ್ಕೆ ಕಟ್ಟಿಕೊಂಡ ನಂಬಿಕೆಯು ಸಂಶಯಾಸ್ಪದವಾಗಿರಬಹುದು. ರೈತನ ಸಾಲವು ನಿಜ. ಅರಸನ ಹೆಸರು ಹೊತ್ತ ಒಬ್ಬನಿಂದ ಅದು ತೀರುವುದೆಂಬುದು ಆಶೆ. ಗುಂಪನ್ನು ವಿಚಾರಿಸುವಾಗ ಇವೆರಡನ್ನೂ ಬೇರೆಬೇರೆಯಾಗಿಯೇ ತೂಗಬೇಕು. ನಂಬಿಕೆ ಸುಳ್ಳೆಂದು ಸಂಕಟವನ್ನು ಅಲ್ಲಗಳೆಯಬಾರದು. ಸಂಕಟ ನಿಜವೆಂದು ನಂಬಿಕೆಯನ್ನೆಲ್ಲ ನುಂಗಿಬಿಡಲೂ ಬಾರದು.

ಇನ್ನೊಂದು ಸಂಗತಿಯನ್ನೂ ಮರೆಮಾಡಬಾರದು. ಇಡೀ ಕೊಡಗು ಒಂದೇ ಮನಸ್ಸಿನಿಂದ ಎದ್ದಿತೆಂಬುದು ಸರಿಯಲ್ಲ. ದಂಗೆಯನ್ನು ಅಡಗಿಸಲು ನೆರವಾದ ಕೊಡಗಿನವರಿಗೆ ಕುಂಪಣಿಯು ಪದಕಗಳನ್ನು ಅಚ್ಚು ಹಾಕಿಸಿ ಕೊಟ್ಟಿತು. ಒಂದೇ ನಾಡಿನಲ್ಲಿ ಒಬ್ಬನ ಕೊರಳಿಗೆ ಹಗ್ಗವೂ ಇನ್ನೊಬ್ಬನ ಎದೆಗೆ ಪದಕವೂ ಬಂದವು. ಇಡೀ ಒಂದು ಜಾತಿಯನ್ನೋ ಊರನ್ನೋ ಕುರಿತು ‘ಅವರೆಲ್ಲರೂ ಹೀಗೆಯೇ’ ಎಂದು ಹೇಳುವವರ ಮಾತನ್ನು ನಂಬಬಾರದೆಂಬುದು ಇದರಿಂದ ಸ್ಪಷ್ಟ.

ಆಂದೋಲನವೆಂದರೇನು?

ಹಾಗಾದರೆ ಸಂದಣಿಗೂ ಆಂದೋಲನಕ್ಕೂ, ಅಂದರೆ ಚಳವಳಿಗೂ, ಭೇದವೇನು? ಸಂದಣಿಯು ಒಂದು ದಿನದ್ದು; ಚಳವಳಿಯು ವರ್ಷಗಳದ್ದು. ಸಂದಣಿಗೆ ಆವೇಶ ಸಾಕು. ಚಳವಳಿಗೆ ಗುರಿ, ಸಂಘಟನೆ, ಶಿಸ್ತು, ತಾಳ್ಮೆ ಈ ನಾಲ್ಕೂ ಬೇಕು. ಸಂದಣಿಯಲ್ಲಿ ಯಾರು ಏನು ಮಾಡಿದರೆಂಬುದು ತಿಳಿಯದು. ಚಳವಳಿಯಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರು ಹೇಳಿ ನಿಲ್ಲುವರು. ಎಂ. ಎಸ್. ಎ. ರಾವ್ ಅವರು ಭಾರತದ ಚಳವಳಿಗಳನ್ನು ಸುಧಾರಣೆ, ಪರಿವರ್ತನೆ, ಕ್ರಾಂತಿ ಎಂದು ಮೂರು ಬಗೆಯಾಗಿ ವಿಭಾಗಿಸಿದ್ದಾರೆ. ಜನರ ನಂಬಿಕೆ, ಆಚಾರಗಳನ್ನು ತಿದ್ದುವುದು ಮೊದಲನೆಯದು. ಅಧಿಕಾರ, ಸಂಪತ್ತುಗಳ ಹಂಚಿಕೆಯನ್ನು ಬದಲಿಸುವುದು ಎರಡನೆಯದು. ವ್ಯವಸ್ಥೆಯನ್ನೇ ಬುಡಮೇಲು ಮಾಡುವುದು ಮೂರನೆಯದು.

ಸುಧಾರಣೆಯ ಚಳವಳಿಗೆ ಕೊಡಗಿನಲ್ಲಿ ಒಂದು ಸುಂದರ ನಿದರ್ಶನವಿದೆ. ಅಸ್ಪೃಶ್ಯತೆಯನ್ನು ತೊಡೆಯಲು ಗಾಂಧೀಜಿಯವರು ಕೈಗೊಂಡ ಯಾತ್ರೆಯು 1934ರ ಫೆಬ್ರವರಿಯಲ್ಲಿ ಕೊಡಗಿಗೆ ಬಂದಿತು. ಅವರ ಭಾಷಣ ಕೇಳಲು ಸಾವಿರಾರು ಮಂದಿ ನೆರೆದರು; ಅವರಲ್ಲಿ ಅನೇಕರು ಕೇವಲ ದರ್ಶನಕ್ಕೆ ಬಂದವರಿದ್ದಿರಬಹುದು. ಆದರೆ ಸುಂಟಿಕೊಪ್ಪದ ಬಳಿಯ ಗುಂಡುಕುಟ್ಟಿ ತೋಟದಲ್ಲಿ ವಾಸವಾಗಿದ್ದ ಇಪ್ಪತ್ತೆರಡು ವರ್ಷದೊಳಗಿನ ತರುಣಿಯೊಬ್ಬಳು, ಗಾಂಧೀಜಿಯವರು ತನ್ನ ಮನೆಗೆ ಬರಲೇಬೇಕೆಂದು ಉಪವಾಸ ಕುಳಿತಳು. ಅವರು ಬಂದಾಗ ತನ್ನ ಆಭರಣಗಳನ್ನು ಹರಿಜನ ನಿಧಿಗೆ ಒಪ್ಪಿಸಿದಳು. ಆಕೆಯೇ ಕಥೆಗಾರ್ತಿ ಕೊಡಗಿನ ಗೌರಮ್ಮ. 1912ರಲ್ಲಿ ಜನಿಸಿದ ಆಕೆ 1939ರ ಏಪ್ರಿಲ್‌ನಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಗುಂಪಿನಲ್ಲಿ ನಿಂತು ಜಯಕಾರ ಹಾಕಿದ್ದರೆ ಆಕೆಗೆ ಯಾವ ನಷ್ಟವೂ ಆಗುತ್ತಿರಲಿಲ್ಲ. ತನ್ನದೆಂಬುದನ್ನು ತನ್ನ ಕೈಯಿಂದಲೇ ತೆಗೆದುಕೊಟ್ಟುದರಲ್ಲಿ ಆಕೆಯ ಸ್ವಂತ ನಿಶ್ಚಯವು ಕಾಣುವುದು. ಇಂತಹ ಒಬ್ಬೊಬ್ಬರ ನಿಶ್ಚಯವೇ ಚಳವಳಿಯ ಬೆನ್ನೆಲುಬು.

ಎರಡನೆಯ ಬಗೆಗೆ ಇತ್ತೀಚಿನ ನಿದರ್ಶನವೊಂದನ್ನು ಕೊಡಬಹುದು. 2016ರ ಡಿಸೆಂಬರ್‌ನಲ್ಲಿ ಸಿದ್ದಾಪುರದ ಬಳಿಯ ದಿಡ್ಡಳ್ಳಿಯಲ್ಲಿ ಅರಣ್ಯದ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ 500ಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳನ್ನು ಅಲ್ಲಿಂದ ತೆರವುಗೊಳಿಸಲಾಯಿತು. ಅವರಲ್ಲಿ ಅನೇಕರು ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ಬಾಳಿದವರು. ತಮ್ಮದೆಂಬ ಒಂದು ಸೆಂಟು ನೆಲವಿಲ್ಲದವರು. ಅವರು ಚದುರಿ ಹೋಗದೆ, ತೆರೆದ ಬಯಲಿನಲ್ಲೇ ಕುಳಿತು ಸೂರನ್ನೂ ಭೂಮಿಯನ್ನೂ ಕೇಳಿದರು. ಮುತ್ತಮ್ಮ ಎಂಬ ಆದಿವಾಸಿ ಮಹಿಳೆಯು ಮುಂದಾಳುಗಳಲ್ಲಿ ಒಬ್ಬಳಾಗಿದ್ದಳು. ಕೊನೆಗೆ ಸರಕಾರವು ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಅವರಿಗೆ ವಸತಿ ಕಲ್ಪಿಸಿತು. ಅರಣ್ಯದ ರಕ್ಷಣೆ ಮುಖ್ಯವೋ, ನೆಲವಿಲ್ಲದವನ ಸೂರು ಮುಖ್ಯವೋ ಎಂಬ ವಿಷಯದಲ್ಲಿ ಪೋಷಕರಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಗುರಿಯನ್ನು ಮಾತಿನಲ್ಲಿ ಹೇಳಿ, ಅದಕ್ಕಾಗಿ ತಿಂಗಳುಗಟ್ಟಲೆ ಕಾದು, ಆಳುವವರೊಡನೆ ಸಂಧಾನ ನಡೆಸಿದುದರಿಂದ ಅದು ಸಂದಣಿಯಲ್ಲ, ಚಳವಳಿಯೆಂಬುದರಲ್ಲಿ ಸಂಶಯವಿಲ್ಲ.

ವದಂತಿಯ ಗಣಿತ

ಈಗ ನಮ್ಮ ಊರಿಗೆ ಅತ್ಯಂತ ಸಮೀಪವಾದ ಪ್ರಸಂಗಕ್ಕೆ ಬರೋಣ. 2018ರ ಜುಲೈ 9ರಂದು ಕೊಡಗಿನಲ್ಲಿ ಭೂಮಿ ಸ್ವಲ್ಪ ಕಂಪಿಸಿತು. ಮುಂದಿನ ತಿಂಗಳು, ಆಗಸ್ಟ್ ನಡುವಿನಲ್ಲಿ, ಎಡೆಬಿಡದ ಮಳೆಗೆ ಬೆಟ್ಟಗಳು ಜಾರಿದವು. ಕಾಲೂರು, ಮೊಣ್ಣಂಗೇರಿ, ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲಗಳ ಹೆಸರನ್ನು ಅದುವರೆಗೆ ಕೇಳದಿದ್ದವರೂ ಆ ವಾರ ಕೇಳಿದರು. ಮನೆ, ತೋಟ, ದನಕರುಗಳೊಡನೆ ಜೀವಗಳೂ ಹೋದವು. ಮಡಿಕೇರಿ–ಮಂಗಳೂರು ರಸ್ತೆಯು ವಾರಗಟ್ಟಲೆ ಮುಚ್ಚಿತು. ಈ ಪುಟಗಳನ್ನು ಓದುವ ಹಲವು ಮನೆಗಳಲ್ಲಿ ಆ ದಿನಗಳ ನೋವು ಇನ್ನೂ ಆರಿಲ್ಲವೆಂಬುದನ್ನು ಬಲ್ಲೆನಾದುದರಿಂದ ಹೆಚ್ಚು ವರ್ಣಿಸುವುದಿಲ್ಲ.

ಇಂತಹ ಹೊತ್ತಿನಲ್ಲಿ ವದಂತಿಯು ಹೇಗೆ ಹುಟ್ಟುವುದೆಂಬುದನ್ನು ಆಲ್‌ಪೋರ್ಟ್, ಪೋಸ್ಟ್‌ಮನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1947ರಲ್ಲಿ ಒಂದು ಸರಳವಾದ ಲೆಕ್ಕದಿಂದ ತಿಳಿಸಿದರು. ವಿಷಯದ ಮಹತ್ವವನ್ನು ಅದರ ಅಸ್ಪಷ್ಟತೆಯಿಂದ ಗುಣಿಸಿದರೆ ಬರುವ ಲಬ್ಧವೇ ವದಂತಿಯ ಬಲ. ಕೂಡಿಸುವುದಲ್ಲ, ಗುಣಿಸುವುದು ಎಂಬುದನ್ನು ಗಮನಿಸಿರಿ. ಎರಡರಲ್ಲಿ ಒಂದು ಸೊನ್ನೆಯಾದರೂ ಲಬ್ಧವು ಸೊನ್ನೆಯೇ. ನಮಗೆ ಸಂಬಂಧಪಡದ ವಿಷಯದಲ್ಲಿ ವದಂತಿ ಹಬ್ಬದು. ಸಂಬಂಧಪಟ್ಟಿದ್ದರೂ ಸಂಗತಿಯು ಸ್ಪಷ್ಟವಾಗಿ ತಿಳಿದಿದ್ದರೆ ಆಗಲೂ ಹಬ್ಬದು. ಪ್ರಾಣಭಯವಿರುವಾಗ ಮಹತ್ವವನ್ನು ಕಡಿಮೆ ಮಾಡಲು ನಮ್ಮಿಂದಾಗದು. ಅಸ್ಪಷ್ಟತೆಯನ್ನು ಕಡಿಮೆ ಮಾಡುವುದು ಮಾತ್ರ ನಮ್ಮ ಕೈಯಲ್ಲಿದೆ.

ಇದಕ್ಕೆ ಕನ್ನಡ ವ್ಯಾಕರಣವೇ ನಮಗೊಂದು ಉಪಕರಣವನ್ನು ಕೊಟ್ಟಿದೆ. ತಾನು ಕಂಡದ್ದಕ್ಕೆ ‘ಒಡೆಯಿತು’ ಎನ್ನುವೆವು. ಪರರಿಂದ ಕೇಳಿದ್ದಕ್ಕೆ ‘ಒಡೆಯಿತಂತೆ’ ಎನ್ನುವೆವು. ಈ ‘ಅಂತೆ’ಯು ಎಷ್ಟು ಪ್ರಾಮಾಣಿಕವಾದ ಅಕ್ಷರ! ವದಂತಿಯು ಹಬ್ಬುವುದೆಂದರೆ ಈ ‘ಅಂತೆ’ಯು ದಾರಿಯಲ್ಲಿ ಎಲ್ಲಿಯೋ ಕಳಚಿಬೀಳುವುದು. ಮೊದಲನೆಯವಳು ‘ಅಣೆಕಟ್ಟು ಒಡೆಯಬಹುದಂತೆ’ ಎನ್ನುವಳು. ಎರಡನೆಯವಳು ‘ಒಡೆಯಿತಂತೆ’ ಎನ್ನುವಳು. ಮೂರನೆಯವಳ ಕೈಫೋನಿನಿಂದ ‘ಒಡೆಯಿತು, ಓಡಿರಿ’ ಎಂದು ನೂರು ಮನೆಗಳಿಗೆ ಹೋಗುವುದು. ಹಾಗೆ ಹೋದ ಸುಳ್ಳುಕೂಗು ಒಂದು ದಿನದ ಗಲಿಬಿಲಿಯಿಂದ ಮುಗಿಯದು. ತೋಳ ಬಂತು ತೋಳ ಎಂದ ಹುಡುಗನ ಕಥೆಯಂತೆ, ನಾಳೆ ಗ್ರಾಮಪಂಚಾಯಿತಿಯವರು ನಿಜವಾಗಿಯೇ ಮನೆ ಬಿಡಿರೆಂದು ಬಂದಾಗ ಯಾರೂ ಏಳರು. 2019ರಲ್ಲಿ ತೋರದಲ್ಲಿಯೂ 2020ರಲ್ಲಿ ತಲಕಾವೇರಿಯಲ್ಲಿಯೂ ಬೆಟ್ಟಗಳು ಜಾರಿ ಜೀವಹಾನಿಯಾದ ಈ ನಾಡಿನಲ್ಲಿ, ನಿಜವಾದ ಎಚ್ಚರಿಕೆಯ ಮೇಲಿನ ನಂಬಿಕೆಯನ್ನು ಕಾಪಾಡಿಕೊಳ್ಳುವುದು ಪ್ರಾಣವನ್ನು ಕಾಪಾಡಿಕೊಂಡಂತೆಯೇ ಸರಿ.

ಆಪತ್ತಿನಲ್ಲಿ ಜನರು

ಆಪತ್ತು ಬಂದಾಗ ಜನರು ದಿಕ್ಕುಗೆಟ್ಟು, ಒಬ್ಬರನ್ನೊಬ್ಬರು ತುಳಿದು ಓಡುವರೆಂಬುದು ಸಾಮಾನ್ಯವಾದ ಊಹೆ. ಅಮೆರಿಕದಲ್ಲಿ 1963ರಿಂದ ಆಪತ್ತುಗಳನ್ನೇ ಅಧ್ಯಯನ ಮಾಡುತ್ತ ಬಂದ ಸಂಶೋಧನ ಕೇಂದ್ರವೊಂದರ ಸ್ಥಾಪಕರಲ್ಲಿ ಒಬ್ಬನಾದ ಕ್ವಾರಂಟೆಲ್ಲಿ ಎಂಬ ವಿದ್ವಾಂಸನು ಇದಕ್ಕೆ ವ್ಯತಿರಿಕ್ತವಾದ ನಿರ್ಣಯಕ್ಕೆ ಬಂದನು. ಬುದ್ಧಿಗೆಟ್ಟ ಓಟವು ಅಪರೂಪ; ಹೆಚ್ಚಿನವರು ಮೊದಲು ತಮ್ಮ ಮನೆಯವರನ್ನು, ಆಮೇಲೆ ನೆರೆಯವರನ್ನು ಹುಡುಕುವರು; ಹೊರಗಿನ ನೆರವು ಮುಟ್ಟುವ ಮೊದಲೇ ರಕ್ಷಣೆಯ ಕೆಲಸವನ್ನು ನೆರೆಹೊರೆಯವರೇ ಆರಂಭಿಸುವರು.

2018ರಲ್ಲಿ ಕೊಡಗು ಈ ಮಾತಿಗೆ ಸಾಕ್ಷಿಯಾಯಿತು. ಸೈನಿಕರೂ ವಿಪತ್ತು ದಳದವರೂ ಹಗಲಿರುಳೆನ್ನದೆ ದುಡಿದರು. ಅವರಿಗೆ ಕಾಲುದಾರಿಯನ್ನು ತೋರಿಸಲು ಊರವರು ಬೇಕಾಗಿದ್ದರು. ಜೋಡುಪಾಲದ ಕಡೆಯವರು ಘಟ್ಟವಿಳಿದು ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳಲ್ಲಿ ಆಶ್ರಯ ಪಡೆದರು. 1837ರಲ್ಲಿ ದಂಗೆಯೆದ್ದ ಅದೇ ಸುಳ್ಯ ಸೀಮೆಯ ಜನರು ಅವರಿಗೆ ಅನ್ನವಿಕ್ಕಿದರು. ಒಂದೇ ಸೀಮೆಯ ಜನ ಒಂದು ಕಾಲಕ್ಕೆ ಆಯುಧ ಹಿಡಿದು ಕೂಡುವರು, ಇನ್ನೊಂದು ಕಾಲಕ್ಕೆ ಸೌಟು ಹಿಡಿದು ಕೂಡುವರು. ಗುಂಪಿನಲ್ಲಿ ಕೇಡು ಮಾತ್ರವೇ ಅಡಗಿದೆಯೆಂದು ಇನ್ನು ಹೇಗೆ ಹೇಳೋಣ?

ಆದರೆ ಮೊದಲ ವಾರದ ಮರುಕವು ಬಹುಮಟ್ಟಿಗೆ ಸಂದಣಿಯ ಗುಣವುಳ್ಳದ್ದು. ಬೇಗ ಏರಿ ಬೇಗ ಇಳಿಯುವುದು. ಆಪತ್ತಿನ ಸ್ಥಳಕ್ಕೆ ಜನರೂ ಸುದ್ದಿಗಳೂ ವಸ್ತುಗಳೂ ಒಮ್ಮೆಲೇ ನುಗ್ಗುವುದನ್ನು ವಿದ್ವಾಂಸರು ಪ್ರತ್ಯೇಕವಾಗಿಯೇ ವಿಚಾರಿಸಿದ್ದಾರೆ. ಬೇಡದ ಬಟ್ಟೆಯ ರಾಶಿ ಬೆಳೆಯುವುದು, ಬೇಕಾದ ಔಷಧಿಯು ಬಾರದಿರುವುದು, ನೋಡಲು ಬಂದವರ ವಾಹನಗಳಿಂದ ರಸ್ತೆಯು ಕಟ್ಟುವುದು, ಇವೆಲ್ಲ ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿಗಳು. ಗಾಳಿಬೀಡು, ಮದೆನಾಡು, ಕರ್ಣಂಗೇರಿ, ಜಂಬೂರು ಮೊದಲಾದೆಡೆಗಳಲ್ಲಿ ಸಂತ್ರಸ್ತರಿಗಾಗಿ ಮನೆಗಳ ಕೆಲಸ ನಡೆದುದು ಆ ಬಳಿಕ. ಹೊಸ ಮನೆ ದೊರೆತವನಿಗೆ ಹಳೆಯ ತೋಟ ದೊರೆತಂತಾಗಲಿಲ್ಲ. ಬೆಟ್ಟದ ಇಳಿಜಾರನ್ನು ಹೇಗೆ ಕಡಿಯಬೇಕು, ಎಲ್ಲಿ ಕಟ್ಟಡ ಕೂಡದು, ನೀರಿಗೆ ದಾರಿ ಹೇಗೆ ಬಿಡಬೇಕು ಎಂಬ ಪ್ರಶ್ನೆಗಳು ಪ್ರತಿ ಮಳೆಗಾಲಕ್ಕೂ ಮುನ್ನ ಕೇಳಬೇಕಾದವು. ಇವುಗಳಿಗೆ ಒಂದು ವಾರದ ಮರುಕ ಸಾಲದು. ವರ್ಷಗಳ ಚಳವಳಿ ಬೇಕು. ಅನ್ನವಿಕ್ಕಿದ ಕೈಗಳೇ ಗ್ರಾಮಸಭೆಯಲ್ಲಿ ಮೇಲೆ ಏಳಬೇಕು.

ವಿದ್ಯಾವಂತೆಯ ಕರ್ತವ್ಯ

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹಲವರು ಈಗ ದಾದಿಯರು, ಅಧ್ಯಾಪಿಕೆಯರು, ತೋಟ ನಡೆಸುವವರು, ಸ್ತ್ರೀಶಕ್ತಿ ಸಂಘಗಳ ಹೊಣೆ ಹೊತ್ತವರು. ನಿಮ್ಮನ್ನು ಕೂಟಕ್ಕೆ ಕರೆಯುವವರು ಬರುವರು. ಆಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ನನಗೆ ಬಂದ ಸುದ್ದಿಯಲ್ಲಿ ನೋಡಿದ್ದೆಷ್ಟು, ‘ಅಂತೆ’ಯೆಷ್ಟು? ಇಲ್ಲಿ ಯಾರಿಗೆ ನಿಜವಾದ ಸಂಕಟವಿದೆ, ಮತ್ತು ನಾವು ಮಾಡಹೊರಟಿರುವುದರಿಂದ ಆ ಸಂಕಟವು ತೀರುವುದೇ? ಗುಂಪು ಚದುರಿದ ಮರುದಿನ ನಾನು ಒಬ್ಬಳೇ ನಿಂತು ಇದನ್ನು ನಾನು ಮಾಡಿದೆನೆಂದು ಹೇಳಬಲ್ಲೆನೇ?

ಮೂರಕ್ಕೂ ಸಮಾಧಾನಕರವಾದ ಉತ್ತರ ದೊರೆತರೆ ಧೈರ್ಯವಾಗಿ ಮುಂದೆ ಹೋಗಿರಿ. ಹೆಣ್ಣುಮಕ್ಕಳಿಗೇಕೆ ಊರ ಉಸಾಬರಿ ಎಂಬ ಮಾತಿಗೆ ಹಿಂಜರಿಯಬೇಡಿರಿ. ಉತ್ತರ ದೊರೆಯದಿದ್ದರೆ, ಇಡೀ ಊರೇ ಹೋದರೂ ಹೊಸ್ತಿಲಲ್ಲಿ ನಿಲ್ಲುವ ಧೈರ್ಯವೂ ಇರಲಿ. ಪೋಷಕರಲ್ಲಿ ನನ್ನ ಬಿನ್ನಹವಿಷ್ಟೆ: ಮಗಳು ‘ನಿಮಗೆ ಯಾರು ಹೇಳಿದರು?’ ಎಂದು ಕೇಳಿದಾಗ ಅದನ್ನು ಎದುರುತ್ತರವೆಂದು ಎಣಿಸದೆ, ಕಲಿತ ಪಾಠವೆಂದು ತಿಳಿದು ಉತ್ತರ ಕೊಡಿರಿ.

ಆಲೋಚನೆಗೆ ಪ್ರಶ್ನೆಗಳು

1. ನಿಮ್ಮ ಊರಿನಲ್ಲಿ ಈ ವರ್ಷ ಕಂಡ ನಾಲ್ಕು ಕೂಟಗಳನ್ನು ಬ್ಲೂಮರನ ನಾಲ್ಕು ಬಗೆಗಳಲ್ಲಿ ವಿಂಗಡಿಸಿರಿ.
2. ‘ಕಾಟಕಾಯಿ’, ‘ದಂಗೆ’, ‘ಹೋರಾಟ’ ಈ ಮೂರು ಹೆಸರುಗಳಲ್ಲಿ 1837ರ ಘಟನೆಗೆ ನೀವು ಯಾವುದನ್ನು ಕೊಡುವಿರಿ? ಕಾರಣವನ್ನು ತಿಳಿಸಿರಿ.
3. ಮಳೆಗಾಲದಲ್ಲಿ ನಿಮಗೆ ಬರುವ ಎಚ್ಚರಿಕೆಯು ನಿಜವೋ ವದಂತಿಯೋ ಎಂಬುದನ್ನು ಯಾರಲ್ಲಿ ವಿಚಾರಿಸುವಿರಿ? ಅವರ ದೂರವಾಣಿ ಸಂಖ್ಯೆಯು ನಿಮ್ಮ ಮನೆಯ ಗೋಡೆಯ ಮೇಲಿದೆಯೇ?